ಕೊಚ್ಚಿಯ ಲೇಖನಿ, ಆಮ್‌ಸ್ಟರ್‌ಡಾಮಿನ ಉಳಿ

ಕಾವ್ಯವೊಂದನ್ನು ಓದಿ ಮುಗಿಸಿದಾಗ ಅದರ ಗುಣದೋಷಗಳ ಹೊಣೆಯನ್ನು ಯಾರಿಗೆ ಹೊರಿಸಬೇಕೆಂಬ ಸಂದೇಹ ವಿಮರ್ಶಕನಿಗೆ ಹುಟ್ಟುವುದಿಲ್ಲ. ಕೃತಿಯೊಂದು, ಕವಿಯೊಬ್ಬನು. ಅಚ್ಚಾದ ಚಿತ್ರದ ಮಾತು ಹಾಗಲ್ಲ. ಒಬ್ಬನು ಹಾಳೆಯ ಮೇಲೆ ಬರೆದುದನ್ನು ಇನ್ನೊಬ್ಬನು ತಾಮ್ರದ ತಗಡಿನ ಮೇಲೆ ಕೆತ್ತಿ, ಮಸಿಯೂಡಿ ಒತ್ತಿ ತೆಗೆದ ಮೇಲಷ್ಟೇ ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಆ ಇಬ್ಬರೂ ಒಂದೇ ಬೀದಿಯವರಾಗಿದ್ದರೆ ತೊಂದರೆಯಿಲ್ಲ. ಸಂದೇಹ ಬಂದಾಗ ಒಬ್ಬನು ಇನ್ನೊಬ್ಬನ ಜಗಲಿಗೆ ಹೋಗಿ ಕೇಳಿಯಾನು. ಇಬ್ಬರ ನಡುವೆ ಸಮುದ್ರವೇ ಇದ್ದರೆ? ಒಬ್ಬನು ದಿನನಿತ್ಯ ಕಾಣುತ್ತಿದ್ದ ಮರವನ್ನು ಇನ್ನೊಬ್ಬನು ಅದರ ನೆಲದಲ್ಲಿ ನಿಂತಂತೆ ಒಮ್ಮೆಯೂ ಕಂಡಿರದಿದ್ದರೆ? ಅಂಥ ಚಿತ್ರಗಳನ್ನು ಹೇಗೆ ನೋಡಬೇಕೆಂಬ ಪ್ರಶ್ನೆಯನ್ನು ಎತ್ತಿಕೊಂಡು, ನಮ್ಮ ಕರಾವಳಿಗೇ ಸೇರಿದ ಒಂದು ಗ್ರಂಥದ ಆಧಾರದಿಂದ ನಾಲ್ಕು ಮಾತು ಹೇಳಲು ಇಲ್ಲಿ ಯತ್ನಿಸಿದ್ದೇವೆ.

ಆ ಗ್ರಂಥದ ಹೆಸರು ‘ಹೋರ್ತುಸ್ ಮಲಬಾರಿಕುಸ್’. ಲ್ಯಾಟಿನ್ ನುಡಿಯ ಈ ಹೆಸರಿಗೆ ‘ಮಲಬಾರಿನ ತೋಟ’ ಎಂದು ಅರ್ಥ. 1678ರಿಂದ 1693ರ ವರೆಗೆ ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದಲ್ಲಿ 12 ಸಂಪುಟಗಳಾಗಿ ಅದು ಹೊರಬಂದಿತು. 742 ಸಸ್ಯಗಳ ವರ್ಣನೆಯೂ 794 ತಾಮ್ರಫಲಕದ ಚಿತ್ರಗಳೂ ಅದರಲ್ಲಿವೆ. ಇದನ್ನು ಮಾಡಿಸಿದಾತ ಹೆಂಡ್ರಿಕ್ ವಾನ್ ರೇಡೆ. ಡಚ್ಚರು 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯ ಕೋಟೆಯನ್ನು ಕಿತ್ತುಕೊಂಡ ಮೇಲೆ, 1670ರಿಂದ 1677ರ ವರೆಗೆ ಅಲ್ಲಿ ಡಚ್ ಕಂಪೆನಿಯ ಅಧಿಕಾರ ನಡೆಸಿದವನು. ಗಿಡಗಳ ಗುಣವನ್ನೂ ಮದ್ದಿನ ಉಪಯೋಗವನ್ನೂ ತಿಳಿಸಿಕೊಟ್ಟವರು ಚೇರ್ತಲದ ಸಮೀಪದ ಕಡಕ್ಕರಪ್ಪಳ್ಳಿಯ ಕೊಲ್ಲಾಟ್ ಮನೆತನದ ವೈದ್ಯರಾದ ಇಟ್ಟಿ ಅಚ್ಯುತನ್ ಅವರು ಮತ್ತು ಕೊಂಕಣಿ ಮಾತಿನ ಮೂವರು ಬ್ರಾಹ್ಮಣ ವಿದ್ವಾಂಸರು: ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ವೈದ್ಯರು ಮಲಯಾಳದಲ್ಲಿ ಹೇಳಿದುದನ್ನು ಇಮಾನುವೆಲ್ ಕಾರ್ನೇರೊ ಎಂಬ ದುಭಾಷಿಯು ಪೋರ್ಚುಗೀಸಿಗೆ ತಂದನು. ಅಲ್ಲಿಂದ ಅದು ಲ್ಯಾಟಿನ್ನಿಗೆ ಹೋಯಿತು. ಮಾತು ಹೀಗೆ ಮೂರು ನುಡಿಗಳ ಹೊಳೆ ದಾಟಿದ ಕಥೆಯನ್ನು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಚಿತ್ರವೂ ಹಾಗೆಯೇ ಒಂದು ದೊಡ್ಡ ಹೊಳೆಯನ್ನು ದಾಟಿತೆಂಬುದನ್ನು ಮಾತ್ರ ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಚಿತ್ರಕ್ಕೆ ಭಾಷೆಯಿಲ್ಲ, ಆದ್ದರಿಂದ ಅನುವಾದವೂ ಬೇಕಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಸರಿಯಲ್ಲವೆಂಬುದು ನಮ್ಮ ವಾದ.

ಮೊದಲ ಕೈಯವರು ಯಾರು? ಕಾರ್ಮೆಲ್ ಸಭೆಯ ಇಟಲಿಯ ಪಾದ್ರಿ ಮ್ಯಾಥ್ಯೂ ಎಂಬವರು ಮೊದಲು ಬರೆದಿಟ್ಟಿದ್ದ ಚಿತ್ರಗಳು ಸಾಲವೆಂದು ಕಂಡು ಕೆಲಸವನ್ನು ಹೊಸದಾಗಿ ತೊಡಗಲಾಯಿತು. ಆ ಬಳಿಕ ಬರೆದವರಲ್ಲಿ ಆಂತೋನಿ ಗೂಟ್‌ಕಿಂಟ್, ಮಾರ್ಸೆಲಿಸ್ ಸ್ಪ್ಲಿಂಟರ್ ಎಂಬ ಎರಡು ಹೆಸರುಗಳು ಉಳಿದುಬಂದಿವೆ. ಇಬ್ಬರೂ ಕಂಪೆನಿಯ ಆಶ್ರಯದಲ್ಲಿದ್ದ ಹೊರನಾಡಿನವರು. ಕೊಯ್ದು ತಂದ ಟೊಂಗೆ ಬಾಡುವುದರೊಳಗೆ, ವೈದ್ಯರೂ ಗಿಡ ತಂದವರೂ ಸುತ್ತ ನಿಂತಿರುವಾಗ, ಅವರು ಬರೆಯಬೇಕಾಗಿತ್ತು. ಎರಡನೆಯ ಕೈಯವರು ಆಮ್‌ಸ್ಟರ್‌ಡಾಮಿನ ಕೆತ್ತನೆಗಾರರು. ಅವರಲ್ಲಿ ಬಾಸ್ಟಿಯಾನ್ ಸ್ಟೋಪೆಂಡಾಲ್ ಎಂಬವನ ಹೆಸರು ತಿಳಿದಿದೆ. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆ ಕಾಲದಲ್ಲಿ ಕೊಚ್ಚಿಯ ಹಾಳೆಗಳು ಆಫ್ರಿಕದ ತುದಿಯನ್ನು ಸುತ್ತಿ ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿದ್ದು ಹಾಲೆಂಡನ್ನು ಸೇರಬೇಕಾಗಿತ್ತು. ‘ಈ ಎಲೆಯ ಅಡಿ ನುಣುಪೋ ಒರಟೋ’ ಎಂದು ಕೆತ್ತನೆಗಾರನು ಕೇಳಿ ಬರೆದರೆ ಉತ್ತರ ಬರುವಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆದಿರುತ್ತಿತ್ತು. ವಾನ್ ರೇಡೆ 1678ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಕೆಲವು ವರ್ಷ ಕೇಳಿ ತಿಳಿಯಲು ಅವನಾದರೂ ಹತ್ತಿರವಿದ್ದನೆನ್ನಬಹುದು. ಆದರೆ 1684ರಲ್ಲಿ ಅವನು ಪುನಃ ಪೂರ್ವಕ್ಕೆ ಹೊರಟುಹೋದನು. ಐದನೆಯದರಿಂದ ಮುಂದಿನ ಎಲ್ಲ ಸಂಪುಟಗಳೂ ಅಚ್ಚಾದದ್ದು ಆಮೇಲೆ. 1691ರಲ್ಲಿ ಸೂರತ್ತಿಗೆ ಹೋಗುತ್ತಿದ್ದ ಹಡಗಿನಲ್ಲಿಯೇ ಅವನು ತೀರಿಕೊಂಡನು. ಕೊನೆಯ ಎರಡು ಸಂಪುಟಗಳನ್ನು ಅವನು ಕಾಣಲೇ ಇಲ್ಲ.

ಕೆತ್ತನೆಯೆಂದರೆ ಏನೆಂಬುದನ್ನು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರಿಸಬೇಕಾಗಿದೆ. ನಯಮಾಡಿದ ತಾಮ್ರದ ತಗಡಿನ ಮೇಲೆ ಚಿತ್ರದ ಹೊರಗೆರೆಯನ್ನು ಇಳಿಸಿಕೊಂಡು, ಮೊನಚಾದ ಉಕ್ಕಿನ ಉಳಿಯಿಂದ ಆ ಗೆರೆಗಳನ್ನು ತೋಡುತ್ತಾರೆ. ತಗಡಿಗೆಲ್ಲ ಮಸಿ ಬಳಿದು ಮೇಲ್ಮೈಯನ್ನು ಒರಸಿ ತೆಗೆದರೆ ತೋಡಿದ ಗೆರೆಗಳೊಳಗೆ ಮಾತ್ರ ಮಸಿ ನಿಲ್ಲುತ್ತದೆ. ತೇವಗೊಳಿಸಿದ ಕಾಗದವನ್ನಿಟ್ಟು ಉರುಳೆಯಡಿಯಲ್ಲಿ ಬಲವಾಗಿ ಒತ್ತಿದಾಗ ಕಾಗದವು ಆ ಮಸಿಯನ್ನು ಹೀರಿ ಎತ್ತಿಕೊಳ್ಳುತ್ತದೆ. ಗೆರೆ ಹೊರತು ಬೇರೆ ಸಾಧನ ಈ ಕಲೆಗಿಲ್ಲವೆಂಬುದನ್ನು ನೆನಪಿಡಬೇಕು. ಕುಂಚದಿಂದ ಒಮ್ಮೆ ಎಳೆದರೆ ಬರುವ ನೆರಳನ್ನು ಉಳಿಯು ಒತ್ತೊತ್ತಾದ ಹತ್ತಾರು ಸಮಾನಾಂತರ ಗೆರೆಗಳಿಂದ ಕಟ್ಟಬೇಕು. ಆದಕಾರಣ ಕೆತ್ತನೆಗಾರನು ನಕಲು ಮಾಡುವವನಲ್ಲ. ಒಂದು ಸಾಧನದಲ್ಲಿದ್ದುದನ್ನು ಇನ್ನೊಂದು ಸಾಧನಕ್ಕೆ ತರುವವನು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದ ಗೋವಿಂದ ಪೈಗಳ ಊರಿನವರಾದ ನಮಗೆ, ತಾನು ಕಾಣದ ನಾಡಿನ ವಸ್ತುವನ್ನು ತನ್ನ ನುಡಿಯಲ್ಲಿ ನಿಲ್ಲಿಸುವ ಕೆಲಸ ಎಂಥದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಈ ಪತ್ರಿಕೆಯನ್ನೇ ನೋಡಬಹುದು. ಮೇಣದ ಹಾಳೆಯ ಮೇಲೆ ಉಕ್ಕಿನ ಕಡ್ಡಿಯಿಂದ ಗೀರುವವರು ಲೇಖಕರು ಕಳುಹಿಸಿದ ಚಿತ್ರವನ್ನು ಎಷ್ಟು ಶ್ರದ್ಧೆಯಿಂದ ಅನುಸರಿಸಿದರೂ ಯಕ್ಷಗಾನದ ಕಿರೀಟದ ಸೂಕ್ಷ್ಮವೆಲ್ಲ ನಾಲ್ಕು ದಪ್ಪ ಗೆರೆಗಳಲ್ಲಿ ಮುಗಿದುಹೋಗುತ್ತದೆ. ಒಮ್ಮೆ ನಾಲ್ಕನೆಯ ತರಗತಿಯಲ್ಲಿ ನಾವು ಒಂದು ಪರೀಕ್ಷೆಯನ್ನೂ ಮಾಡಿ ನೋಡಿದೆವು. ಅರ್ಧ ಮಕ್ಕಳು ಅಂಗಳದ ದಾಸವಾಳವನ್ನು ನೋಡಿ ಬರೆದರು. ಉಳಿದರ್ಧ ಮಕ್ಕಳು ಹೂವನ್ನು ನೋಡದೆ ಮೊದಲಿನವರ ಚಿತ್ರವನ್ನು ನೋಡಿ ಬರೆದರು. ಎರಡನೆಯವರ ಚಿತ್ರಗಳೇ ಹೆಚ್ಚು ಅಚ್ಚುಕಟ್ಟಾಗಿದ್ದವು. ಎಸಳುಗಳೆಲ್ಲ ಒಂದೇ ಅಳತೆ, ಎಲೆಗಳೆಲ್ಲ ಎಡಕ್ಕೊಂದು ಬಲಕ್ಕೊಂದು. ಹುಳು ತಿಂದ ಎಲೆ ಒಂದರಲ್ಲಿಯೂ ಇರಲಿಲ್ಲ. ಮೊದಲಿನವರಲ್ಲಿ ಇಬ್ಬರು ಅದನ್ನು ಬರೆದಿದ್ದರು. ನಕಲು ಮಾಡಿದವರು ಅದು ಬರೆದವರ ಕೈತಪ್ಪೆಂದು ತಿಳಿದು ತಿದ್ದಿಬಿಟ್ಟಿದ್ದರು!

ಇನ್ನು ಫಲಕಗಳನ್ನೇ ನೋಡೋಣ. ಮೊದಲ ಸಂಪುಟ ತೊಡಗುವುದು ತೆಂಗಿನಿಂದ. ‘ತೆಂಗ’ ಎಂದೇ ಅದರ ಹೆಸರನ್ನು ಕೊಟ್ಟಿದ್ದಾರೆ. ಅದಕ್ಕೆ ನಾಲ್ಕು ಫಲಕಗಳು. ಅದರ ಬೆನ್ನಿಗೆ ‘ಕೌಂಗ’ ಎಂಬ ಹೆಸರಿನಲ್ಲಿ ಅಡಕೆಗೆ ನಾಲ್ಕು. ನಮ್ಮ ಕಡೆಯ ತೋಟದವರು ಇಂದಿಗೂ ಆಡುವ ‘ಕಂಗು’ ಎಂಬ ಮಾತನ್ನು ಬಲ್ಲವರಿಗೆ ಈ ಲ್ಯಾಟಿನ್ ಅಕ್ಷರಗಳ ನಡುವೆ ಅದನ್ನು ಕಂಡಾಗ ನೆಂಟರನ್ನು ಕಂಡಂತಾಗುತ್ತದೆ. ಮರದ ಪೂರ್ಣಾಕೃತಿ ಬೇರೆ, ಹೂವು ಕಾಯಿಗಳ ವಿವರ ಬೇರೆ ಎಂದು ಹಂಚಿಕೊಂಡಿರುವ ಈ ಕ್ರಮವನ್ನು ನಾವು ಮೊದಲನೆಯ ಗುಣವೆಂದು ಹೇಳುತ್ತೇವೆ. ಕೊಚ್ಚಿಯಲ್ಲಿ ಕುಳಿತವನಿಗೆ ತನ್ನ ಹಾಳೆಯನ್ನು ನೋಡುವವನು ತೆಂಗನ್ನು ಕಂಡವನಲ್ಲವೆಂಬ ಅರಿವು ಇದ್ದಿರಬೇಕು. ಕಂಡವನಿಗಾದರೆ ಒಂದು ಚಿತ್ರ ಸಾಕು. ಹೊಂಬಾಳೆ ಎಲ್ಲಿಂದ ಹೊರಡುತ್ತದೆ, ಕಾಯಿಯ ಸಿಪ್ಪೆಯೊಳಗೆ ಚಿಪ್ಪು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಕಾಣದವನಿಗಾಗಿ ಬರೆಯುವಾಗ ಮಾತ್ರ ಚಿತ್ರಕಾರನು ಕಾಯಿಯನ್ನು ಒಡೆದು ತೋರಿಸಬೇಕಾಗುತ್ತದೆ. ದೂರವೆಂಬುದು ಇಲ್ಲಿ ತೊಡಕಾಗದೆ, ಚಿತ್ರಕಾರನಿಗೆ ಗುರುವೇ ಆಗಿದೆ.

ಒಂಬತ್ತು ಮತ್ತು ಹತ್ತನೆಯ ಫಲಕಗಳು ಇನ್ನೂ ಸ್ವಾರಸ್ಯವಾದವು. ಒಂದು ‘ಕರಿಂಪನ’, ಇನ್ನೊಂದು ‘ಆಂಪನ’. ಎರಡೂ ಒಂದೇ ತಾಳೆಯ ಮರ. ಮೊದಲನೆಯದು ಹೆಣ್ಣು, ಎರಡನೆಯದು ಗಂಡು. ತಾಟಿನುಂಗು ಬಿಡುವ ಮರ ಬೇರೆ, ಬಿಡದ ಮರ ಬೇರೆ ಎಂಬುದು ಮೂರ್ತೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಯುರೋಪಿನ ಪಂಡಿತರು ಸಸ್ಯಗಳಲ್ಲಿ ಗಂಡು ಹೆಣ್ಣುಗಳುಂಟೇ ಎಂದು ಇನ್ನೂ ಚರ್ಚಿಸುತ್ತಿದ್ದ ಕಾಲವದು. ಜರ್ಮನಿಯ ಕಾಮೆರಾರಿಯುಸನು ಆ ವಿಷಯವಾಗಿ ತನ್ನ ಪ್ರಸಿದ್ಧ ಪತ್ರವನ್ನು ಪ್ರಕಟಿಸಿದ್ದು 1694ರಲ್ಲಿ, ಈ ಗ್ರಂಥದ ಕೊನೆಯ ಸಂಪುಟವೂ ಬಂದ ಮರುವರ್ಷ. ಗಂಡುಮರಕ್ಕೆ ‘ಆಣ್ ಪನ’ ಎಂದು ಹೆಸರಿಟ್ಟ ನಮ್ಮ ಕರಾವಳಿಯ ಜನರ ತಿಳಿವಳಿಕೆಯನ್ನು ಚಿತ್ರಕಾರನು ನಂಬಿ ಎರಡು ಹಾಳೆಗಳಲ್ಲಿ ಎರಡನ್ನೂ ಬರೆದನು. ಕೆತ್ತನೆಗಾರನು ಎರಡನ್ನೂ ಕೆತ್ತಿದನು. ಅವು ಒಂದೇ ಮರದ ಎರಡು ರೂಪಗಳೆಂದು ಅವನಿಗೆ ತಿಳಿದಿತ್ತೋ ಇಲ್ಲವೋ, ಕೈ ಮಾತ್ರ ತಪ್ಪಲಿಲ್ಲ.

ಮೂರನೆಯ ಸಂಪುಟದ ಮೊದಲ 12 ಫಲಕಗಳೂ ಒಂದೇ ಮರಕ್ಕೆ ಮೀಸಲು. ‘ಕೊಡ್ಡ ಪನ’ ಎಂದು ಹೆಸರು, ಕೊಡೆಯ ಪನೆ. ನಾವು ಶ್ರೀತಾಳೆಯೆನ್ನುವುದು ಇದನ್ನೇ. ತುಳುನಾಡಿನ ಹಳೆಯ ಗ್ರಂಥಗಳನ್ನು ಬರೆದದ್ದು ಇದರ ಗರಿಯ ಮೇಲೆ. ಹತ್ತಾರು ವರ್ಷ ಬೆಳೆದು, ಒಮ್ಮೆ ಮಾತ್ರ ತುದಿಯಲ್ಲಿ ಭಾರಿ ಹೂಗೊಂಚಲನ್ನು ಬಿಟ್ಟು, ಕಾಯಿ ಮಾಗಿದ ಬಳಿಕ ಸತ್ತುಹೋಗುವ ಮರವಿದು. ಮರವೊಂದರ ಆಯುಷ್ಯದಲ್ಲಿ ಒಮ್ಮೆ ಬರುವ ಆ ಸಮಯವು ಬರೆಯುವವನಿಗೆ ಒದಗಿತೆಂಬುದು ಅವನ ಭಾಗ್ಯ. ಒಂದು ಮರಕ್ಕೆ 12 ಫಲಕಗಳ ಖರ್ಚನ್ನು ಹೊರಲು ಒಪ್ಪಿದ ಮಾಡಿಸಿದವನ ಧಾರಾಳವನ್ನೂ ಮೆಚ್ಚಬೇಕು. ಆದರೆ ಇಲ್ಲಿ ಒಂದು ಕೊರತೆಯನ್ನೂ ಹೇಳದೆ ವಿಧಿಯಿಲ್ಲ. ಹಾಳೆಯ ಅಳತೆ ಎಲ್ಲಕ್ಕೂ ಒಂದೇ. ಮುಗಿಲಿಗೆ ಮುಟ್ಟುವ ಶ್ರೀತಾಳೆಯೂ ಗದ್ದೆಯ ಹುಣಿಯ ಮೇಲಣ ಗೇಣುದ್ದದ ಗಿಡವೂ ಅದೇ ಎರಡು ಪುಟಗಳ ಅಗಲವನ್ನು ತುಂಬುತ್ತವೆ. ಪಠ್ಯವನ್ನು ಓದದೆ ಚಿತ್ರವನ್ನಷ್ಟೇ ನೋಡಿದವನಿಗೆ ಯಾವುದು ಮರ, ಯಾವುದು ಮದ್ದಿನ ಸೊಪ್ಪು ಎಂಬುದು ಎಷ್ಟೋ ಕಡೆ ತಿಳಿಯುವುದಿಲ್ಲ. ಕೊಚ್ಚಿಯವನ ಕಣ್ಣಿಗೆ ಅಳತೆ ಗೊತ್ತಿತ್ತು, ಆದ್ದರಿಂದ ಅವನು ಬರೆಯಲಿಲ್ಲ. ಆಮ್‌ಸ್ಟರ್‌ಡಾಮಿನವನಿಗೆ ಗೊತ್ತಿರಲಿಲ್ಲ, ಆದ್ದರಿಂದ ಅವನು ಸೇರಿಸಲಿಲ್ಲ.

ಬಣ್ಣದ ಮಾತೂ ಅಷ್ಟೇ. ಮೊದಲ ಸಂಪುಟದಲ್ಲಿ ‘ಪಾಲ’ ಎಂಬ ಮರವಿದೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ನಮ್ಮ ಮನೆಗಳಲ್ಲೆಲ್ಲ ಕಷಾಯ ಕುಡಿಯುವ ಹಾಲೆಮರವೇ ಅದು. ಅದರ ಎಲೆಗಳು ಬೆರಳು ಚಾಚಿದ ಅಂಗೈಯಂತೆ ಸುತ್ತಲೂ ಹರಡಿಕೊಂಡಿರುವ ಕ್ರಮವನ್ನು ಗೆರೆಯಲ್ಲಿ ತೋರಿಸಬಹುದು, ತೋರಿಸಿದ್ದಾರೆ. ಎಲೆಯ ಮೇಲ್ಮೈಯ ಕಡುಹಸುರನ್ನೂ ಅಡಿಯ ಬೆಳ್ಳಗಿನ ಬಣ್ಣವನ್ನೂ ಗೆರೆ ಏನು ಮಾಡೀತು? ಕೆತ್ತಿದಾಗ ಒತ್ತು ಗೆರೆಯ ನೆರಳಾಗಿ ಉಳಿಯುವುದಷ್ಟೇ. ಅದು ಎಲೆಯ ಬಣ್ಣವೋ ಬಿಸಿಲಿನ ನೆರಳೋ ಎಂಬುದನ್ನು ನೋಡುವವನು ಊಹಿಸಬೇಕು.

ದೂರದ ಕೆತ್ತನೆಯಲ್ಲಿ ಬರಬಹುದಾದ ಇನ್ನೊಂದು ಅಪಾಯ ಸಣ್ಣದಾಗಿ ಕಾಣುತ್ತದೆ, ಸಣ್ಣದಲ್ಲ. ತಗಡಿನಿಂದ ಕಾಗದಕ್ಕೆ ಒತ್ತಿದಾಗ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗುತ್ತದೆ. ಆದ್ದರಿಂದ ಕೆತ್ತನೆಗಾರನು ಮೊದಲೇ ಚಿತ್ರವನ್ನು ತಿರುವಿ ಕೆತ್ತಬೇಕು. ಅವಸರದಲ್ಲಿಯೋ ಔದಾಸೀನ್ಯದಿಂದಲೋ ಹಾಗೆ ಮಾಡದಿದ್ದರೆ ಮರಕ್ಕೇನೂ ಆಗುವುದಿಲ್ಲ. ಎಡದ ಕೊಂಬೆ ಬಲಕ್ಕೆ ಹೋದರೂ ಮಾವು ಮಾವೇ. ಬಳ್ಳಿಯ ಸಂಗತಿ ಬೇರೆ. ಅಲಸಂಡೆಯ ಬಳ್ಳಿಯನ್ನು ಮೇಲಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕೋಲನ್ನು ಸುತ್ತುತ್ತದೆ; ಎಷ್ಟೇ ಬಾರಿ ಬಿಡಿಸಿ ಎದುರು ದಿಕ್ಕಿಗೆ ಸುತ್ತಿಟ್ಟರೂ ಹೊಸ ಕುಡಿ ತನ್ನ ದಿಕ್ಕಿಗೇ ಹೋಗುತ್ತದೆ. ಬಳ್ಳಿಗೆಣಸುಗಳಲ್ಲಿ ಕೆಲವು ಜಾತಿ ಬಲಕ್ಕೂ ಕೆಲವು ಎಡಕ್ಕೂ ಸುತ್ತುತ್ತವೆ. ಜಾತಿಯನ್ನು ಗುರುತಿಸುವ ಲಕ್ಷಣಗಳಲ್ಲಿ ಅದೂ ಒಂದು. ಇಂಥ ಬಳ್ಳಿಯ ಚಿತ್ರ ತಿರುವುಮುರುವಾದರೆ ಇಲ್ಲದ ಗಿಡವೊಂದು ಗ್ರಂಥದಲ್ಲಿ ಹುಟ್ಟಿಕೊಂಡಂತಾಯಿತು. ಬಳ್ಳಿಯನ್ನು ಬೆಳೆಸಿದವನು ಕೆತ್ತನೆಗಾರನ ಪಕ್ಕದಲ್ಲಿದ್ದರೆ ತಗಡನ್ನು ಕಂಡೊಡನೆ ತಡೆದಾನು. ಹಳೆಯ ಸಸ್ಯಗ್ರಂಥಗಳ ಬಳ್ಳಿಯ ಫಲಕಗಳನ್ನು ನೋಡುವಾಗ ಈ ಒಂದು ಅಂಶವನ್ನು ತೋಟದ ಬಳ್ಳಿಯೊಡನೆ ಹೋಲಿಸಿ ನೋಡುವುದು ಮೇಲ್ತರಗತಿಯ ಮಕ್ಕಳಿಗೂ ಸಾಧ್ಯವಾದ ವಿಮರ್ಶೆ.

ಚಿತ್ರಗಳಿಗಿಂತ ನಮ್ಮ ಮನಸ್ಸನ್ನು ಹೆಚ್ಚು ಸೆಳೆದದ್ದು ಫಲಕದ ಮೇಲಿನ ಅಕ್ಷರಗಳು. ಗಿಡದ ಹೆಸರನ್ನು ರೋಮನ್ ಲಿಪಿಯಲ್ಲಿ ಮಾತ್ರವಲ್ಲ, ಮಲಯಾಳ, ಅರಬ್ಬಿ ಮತ್ತು ನಾಗರಿ ಲಿಪಿಗಳಲ್ಲಿಯೂ ಚಿತ್ರದೊಡನೆಯೇ ಕೆತ್ತಿದ್ದಾರೆ. ನಾಗರಿಯಲ್ಲಿರುವುದು ಕೊಂಕಣಿಯ ಹೆಸರು. ಮಲಯಾಳಕ್ಕೆ ಆಗ ಅಚ್ಚಿನ ಮೊಳೆಗಳೇ ಇರಲಿಲ್ಲ. ಆ ಲಿಪಿ ಮೊತ್ತಮೊದಲು ಅಚ್ಚಿನ ಪುಸ್ತಕದಲ್ಲಿ ಕಾಣಿಸಿಕೊಂಡದ್ದು ಹೀಗೆ, ಚಿತ್ರದ ರೂಪದಲ್ಲಿ. ಇಟ್ಟಿ ಅಚ್ಯುತನ್ ಅವರು 1675ರ ಏಪ್ರಿಲ್ 20ರಂದು ಕೋಲೆಳುತ್ತು ಲಿಪಿಯಲ್ಲಿ ಬರೆದುಕೊಟ್ಟ ಒಪ್ಪಿಗೆಯೂ ಮೂವರು ಭಟ್ಟರು ನಾಗರಿ ಲಿಪಿಯ ಕೊಂಕಣಿಯಲ್ಲಿ ಬರೆದುಕೊಟ್ಟದ್ದೂ ಮೊದಲ ಸಂಪುಟದಲ್ಲಿ ಅಂತೆಯೇ ಇವೆ. ಕೆತ್ತನೆಗಾರನಿಗೆ ಇವೊಂದೂ ಓದಲು ಬಾರದು. ಅವನ ಪಾಲಿಗೆ ‘ತ’ ಎಂಬುದು ಅಕ್ಷರವಲ್ಲ; ಬಳ್ಳಿಯ ಕುಡಿಯಂತೆ ಅದೂ ಒಂದು ಆಕೃತಿ. ಅಕ್ಷರ ಬಲ್ಲವನು ಬರೆದಾಗ ಗೆರೆ ಎಲ್ಲಿ ತೊಡಗಿ ಎಲ್ಲಿ ಮುಗಿಯಿತೆಂಬುದು ತಿಳಿಯುತ್ತದೆ. ಇಲ್ಲಿ ಆ ಓಟವಿಲ್ಲ, ಬಿಡಿಬಿಡಿಯಾಗಿ ಜೋಡಿಸಿದಂತಿದೆ. ಒಂದನೆಯ ತರಗತಿಯ ಮಗು ಮೊದಲ ಬಾರಿ ಹಲಗೆಯನ್ನು ನೋಡಿ ‘ಅ’ ಬರೆದಾಗ ಕಾಣುವ ಬಿಗಿತವೇ ಅದು. ಆದರೂ ಓದಲು ಬರುತ್ತದೆ. ಅರ್ಥವಾಗದ ಗುರುತನ್ನು ಅರ್ಥವಾಗದೆಂಬ ಕಾರಣಕ್ಕೆ ಬಿಟ್ಟುಬಿಡದೆ, ‘ತಿದ್ದದೆ’ ಕೆತ್ತಿದ ಆ ಕೈಗೆ ನಾವು ನಮಸ್ಕಾರ ಹೇಳಬೇಕು. ನಮ್ಮ ತರಗತಿಯ ಮಕ್ಕಳು ಹುಳು ತಿಂದ ಎಲೆಗೆ ಮಾಡಿದ್ದನ್ನು ಅವನು ಕೊಂಕಣಿಯ ಅಕ್ಷರಕ್ಕೆ ಮಾಡಲಿಲ್ಲ.

ಆ ಫಲಕಗಳಲ್ಲಿ ಕನ್ನಡ ಲಿಪಿಯಿಲ್ಲ. ಇದನ್ನು ಹೇಳಿದಾಗ ನಮ್ಮ ಮಿತ್ರರಲ್ಲಿ ಕೆಲವರು ನೊಂದುಕೊಂಡದ್ದುಂಟು. ನೊಂದುಕೊಳ್ಳಲು ಕಾರಣ ಕಾಣುವುದಿಲ್ಲ. ಕೊಚ್ಚಿಯ ಕೋಟೆಯೊಳಕ್ಕೆ ಕರೆತಂದ ಪಂಡಿತರ ಲಿಪಿಗಳು ಅಲ್ಲಿವೆ. ಚಂದ್ರಗಿರಿಯ ಹೊಳೆಯಿಂದ ಇತ್ತಲಾಗಿ ಯಾರನ್ನೂ ಕೇಳಿದ್ದಾಗಿ ಗ್ರಂಥವೂ ಹೇಳುವುದಿಲ್ಲ. ತುಳು, ಕನ್ನಡ, ಮಲಯಾಳ, ಕೊಂಕಣಿಗಳಲ್ಲಿ ಒಂದೊಂದು ಗಿಡಕ್ಕೂ ನಾಲ್ಕು ಹೆಸರುಗಳನ್ನು ಹೊತ್ತು ಶಾಲೆಗೆ ಬರುವ ನಮ್ಮ ಮಂಜೇಶ್ವರದ ಮಕ್ಕಳು, ಆ ಫಲಕದ ಖಾಲಿ ಜಾಗದಲ್ಲಿ ಇನ್ನೆರಡು ಹೆಸರುಗಳನ್ನು ಬರೆದುಕೊಂಡರೆ ಯಾರು ಬೇಡವೆಂದಾರು?

ಒಳಗಿನ ಚಿತ್ರಗಳನ್ನು ಇಷ್ಟು ಮೆಚ್ಚಿದ ನಮಗೆ ಗ್ರಂಥದ ಮುಖಚಿತ್ರ ಮಾತ್ರ ಒಗ್ಗಲಿಲ್ಲ. ಅಲ್ಲಿ ಸಸ್ಯವಿದ್ಯೆಯು ಸ್ತ್ರೀರೂಪದಲ್ಲಿ ಆಸೀನಳಾಗಿದ್ದಾಳೆ. ಗಿಡಗಳನ್ನು ಕುಂಡಗಳಲ್ಲಿಟ್ಟು ತಂದು ಕೆಲವರು ಕಾಣಿಕೆಯೊಪ್ಪಿಸುತ್ತಾರೆ. ಕೈಗಾರಿಕೆ ಒಳ್ಳೆಯದೇ. ಆದರೆ ಅದು ಆಮ್‌ಸ್ಟರ್‌ಡಾಮು ತನಗೆ ತಾನೇ ಹೇಳಿಕೊಂಡ ಕಥೆ. ಎದುರು ತಡೆದು ನಿಲ್ಲಿಸಲು ಕೊಚ್ಚಿಯ ಹಾಳೆ ಅಲ್ಲಿರಲಿಲ್ಲ. ಒಳಗೆ ಇಟ್ಟಿ ಅಚ್ಯುತನ್ ಅವರು ತಮ್ಮ ಹೆಸರು ಮನೆತನ ಹೇಳಿ, ತಾವು ತಿಳಿಸಿದ್ದು ನಿಜವೆಂದು ಸಹಿಮಾಡಿದ್ದಾರೆ. ಹೊರಗಿನ ಚಿತ್ರದಲ್ಲಿ ತಿಳಿಸಿದವರು ಕಾಣಿಕೆ ತರುವವರಾಗಿದ್ದಾರೆ. ದೂರದ ಎರಡನೆಯ ಕೈಗೆ ಮೊದಲ ಕೈಯ ಕಡಿವಾಣವಿದ್ದಾಗ ಏನಾಗುತ್ತದೆ, ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಹೊರನಾಡಿನ ಚಿತ್ರಕಾರನೂ ಹೊರನಾಡಿನ ಕೆತ್ತನೆಗಾರನೂ ಕೂಡಿ ಮಾಡಿದ್ದರಲ್ಲಿ ಎರಡು ದೇಶಗಳ ಕೂಟವೆಲ್ಲಿ ಬಂತೆಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೊಚ್ಚಿಯಲ್ಲಿ ಬರೆದ ಕೈ ಹೊರಗಿನದಾದರೂ, ಏನನ್ನು ಬರೆಯಬೇಕೆಂದು ತೋರಿಸಿದ ಬೆರಳು ಈ ನೆಲದ್ದು ಎಂಬುದು ನಮ್ಮ ಉತ್ತರ. ಬರೆದ ಕೈಯೇ ಈ ನೆಲದ್ದಾದ ನಿದರ್ಶನಗಳೂ ಮುಂದೆ ಬಂದವು. ವಿಲಿಯಂ ರಾಕ್ಸ್‌ಬರ್ಗ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಪೂರ್ವದ ಕೋರಮಂಡಲ ತೀರದಲ್ಲಿ ಅಲ್ಲಿಯ ಚಿತ್ರಗಾರರಿಂದಲೇ ಗಿಡಗಳನ್ನು ಬರೆಯಿಸಿ ಲಂಡನ್ನಿಗೆ ಕಳುಹಿಸಿದನು. ಅವುಗಳಲ್ಲಿ 300ನ್ನು ಆರಿಸಿ ಅಲ್ಲಿ ಕೆತ್ತಿಸಿ 1795ರಿಂದ 1820ರ ವರೆಗೆ ಮೂರು ಸಂಪುಟಗಳಲ್ಲಿ ಹೊರತಂದರು. ಕೆತ್ತಿದ ಮೆಕೆಂಜಿಯ ಹೆಸರು ಫಲಕದಡಿಯಲ್ಲಿದೆ, ಬರೆದವರ ಹೆಸರಿಲ್ಲ. ಚಿತ್ರದ ಎಡಗಡೆಯ ಮೂಲೆಯಲ್ಲಿ ಬರೆದವನ ಹೆಸರು, ಬಲಗಡೆಯ ಮೂಲೆಯಲ್ಲಿ ಕೆತ್ತಿದವನ ಹೆಸರು ಎಂಬುದು ಯುರೋಪಿನ ಅಚ್ಚುಕೂಟಗಳ ಹಳೆಯ ಪದ್ಧತಿ. ಎಡಗಡೆಯ ಆ ಬರಿದಾದ ಮೂಲೆಯನ್ನು ನೋಡುವಾಗ ನಮಗೆ ಚಿತ್ರದ ಚೆಲುವೂ ಸ್ವಲ್ಪ ಮಂಕಾಗುತ್ತದೆ.

ರಾಬರ್ಟ್ ವೈಟ್ ಎಂಬ ಇನ್ನೊಬ್ಬ ವೈದ್ಯನು ಇವರಿಗಿಂತ ಮೇಲು. ಅವನಿಗಾಗಿ ಬರೆದವರು ರಂಗಯ್ಯ ಮತ್ತು ಗೋವಿಂದು ಎಂಬ ತೆಲುಗು ಚಿತ್ರಗಾರರು. ರಂಗಯ್ಯನ ಚಿತ್ರಗಳನ್ನು ವೈಟ್ ಗ್ಲಾಸ್ಗೊ ನಗರದ ಹೂಕರ್ ಎಂಬ ಪಂಡಿತನಿಗೆ ಕಳುಹಿಸಿಕೊಟ್ಟನು. 1830ರ ನಂತರದ ಕೆಲವು ವರ್ಷಗಳಲ್ಲಿ ಜೋಸೆಫ್ ಸ್ವಾನ್ ಎಂಬ ಕೆತ್ತನೆಗಾರನು ಅವನ್ನು ಅಲ್ಲಿ ಕೆತ್ತಿದನು. ತಮಿಳುನಾಡಿನ ಬಿಸಿಲಿನಲ್ಲಿ ಕುಳಿತ ರಂಗಯ್ಯನೂ ಗ್ಲಾಸ್ಗೊವಿನ ಮಂಜಿನಲ್ಲಿ ಕುಳಿತ ಸ್ವಾನನೂ ಎಂದೂ ಸಂಧಿಸಿದವರಲ್ಲ, ಒಬ್ಬರ ನುಡಿ ಒಬ್ಬರಿಗೆ ತಿಳಿದದ್ದಲ್ಲ. ನಾವು ಈ ಲೇಖನದಲ್ಲಿ ಹೇಳಹೊರಟ ಕೂಟಕ್ಕೆ ಇದೇ ಶುದ್ಧವಾದ ನಿದರ್ಶನ. ಮುಂದೆ ವೈಟ್ ಮದರಾಸಿನಲ್ಲಿ 1838ರಿಂದ 1853ರ ವರೆಗೆ ಕಲ್ಲಚ್ಚಿನಲ್ಲಿ ಹೊರತಂದ ದೊಡ್ಡ ಚಿತ್ರಮಾಲೆಯಲ್ಲಿ 2,100ಕ್ಕೂ ಹೆಚ್ಚು ಫಲಕಗಳಿವೆ. ಹಲವನ್ನು ಬರೆದವನು ಗೋವಿಂದು. ಸೀತಾಳೆಯ ಜಾತಿಯ ಒಂದು ಸಸ್ಯಕ್ಕೆ ವೈಟ್ ‘ಗೋವಿಂದೂಯಿಯ’ ಎಂದು ಹೆಸರಿಟ್ಟನು. ಸಸ್ಯಶಾಸ್ತ್ರಜ್ಞರು ಆಮೇಲೆ ಆ ಸಸ್ಯವನ್ನು ಬೇರೆ ಹೆಸರಿನಡಿ ಸೇರಿಸಿದರೆನ್ನುವುದು ಬೇರೆ ಮಾತು.

ಎರಡನೆಯ ಕೈ ಒದಗದೆಹೋದರೆ ಚಿತ್ರದ ಗತಿಯೇನು? ಅದಕ್ಕೆ ನಮ್ಮ ಕನ್ನಡನಾಡಿನಲ್ಲಿಯೇ ಉದಾಹರಣೆಯಿದೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಹ್ಯೂ ಕ್ಲೆಗಾರ್ನ್ ಎಂಬ ವೈದ್ಯನು ಒಬ್ಬ ಮರಾಠಿ ಚಿತ್ರಗಾರನನ್ನು ಇರಿಸಿಕೊಂಡು ದಿನಕ್ಕೊಂದು ಗಿಡದಂತೆ ಬರೆಯಿಸಿದನು. ಮಲೆನಾಡಿನ ಆ ಗಿಡಗಳು ಎಡಿನ್‌ಬರೊದ ಸಸ್ಯೋದ್ಯಾನದ ಸಂಗ್ರಹವನ್ನು ಸೇರಿ, ಬಹುಭಾಗ ಅಚ್ಚಿನ ಬೆಳಕು ಕಾಣದೆ ಉಳಿದವು. ಅಲ್ಲಿಯ ಸಸ್ಯಶಾಸ್ತ್ರಜ್ಞ ಹೆನ್ರಿ ನಾಲ್ಟಿ ಅವರು 2016ರಲ್ಲಿ ಅವುಗಳ ಮೇಲೆ ಗ್ರಂಥ ಬರೆದ ಮೇಲಷ್ಟೇ ಹೊರಗಿನವರಿಗೆ ಅವುಗಳ ಪರಿಚಯವಾಯಿತು. ಕೆತ್ತನೆಗಾರನು ಚಿತ್ರವನ್ನು ಕೆಡಿಸುತ್ತಾನೆಂದು ದೂರುವವರು ಶಿವಮೊಗ್ಗದ ಈ ಚಿತ್ರಗಳನ್ನು ನೆನೆಯಬೇಕು. ಕೆಡದೆ ಉಳಿದವು, ಯಾರಿಗೂ ಕಾಣದೆಯೂ ಉಳಿದವು.

ಮಲಬಾರಿನ ತೋಟವು ಸಾಮ್ರಾಜ್ಯದವರ ಲೂಟಿಯೆಂದು ಕೆಲವರು ತಳ್ಳಿಹಾಕುತ್ತಾರೆ. ಅದು ಪೂರ್ತಿ ನಮ್ಮದೆಂದು, ಪರದೇಶಿಯರು ಅಚ್ಚುಹಾಕಿದರಷ್ಟೇ ಎಂದು ಇನ್ನು ಕೆಲವರು ಬೀಗುತ್ತಾರೆ. ಮೆಣಸಿನ ವ್ಯಾಪಾರಕ್ಕೆ ಬಂದವರ ದುಡ್ಡಿನಿಂದ ಈ ಕೆಲಸ ನಡೆಯಿತೆಂಬುದನ್ನು ನಾವೂ ಮರೆಯುವುದಿಲ್ಲ. ಆದರೆ ಈ ಎರಡು ಪಕ್ಷದವರೂ ಫಲಕಗಳನ್ನು ಬಿಡಿಸಿ ನೋಡಿದವರಂತೆ ತೋರುವುದಿಲ್ಲ. ನೋಡಿದ ಮೇಲೆ ಯಾವ ಗೆರೆ ಯಾರದೆಂದು ಬೇರೆ ಮಾಡಿ ಹಂಚಲು ಸಾಧ್ಯವೇ? ಕಲ್ಲಿಕೋಟೆಯ ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲ್ (1938–2025) ಅವರು ಜೀವಮಾನದ ಬಹುಪಾಲನ್ನು ಸವೆಸಿ, ಆ ಗಿಡಗಳನ್ನೆಲ್ಲ ಮತ್ತೆ ಕಾಡುಮೇಡುಗಳಲ್ಲಿ ಹುಡುಕಿ ಚಿತ್ರದೊಡನೆ ಹೋಲಿಸಿ, ಗ್ರಂಥವನ್ನು ಇಂಗ್ಲಿಷಿಗೂ ಮಲಯಾಳಕ್ಕೂ ತಂದರು. ಕೇರಳ ವಿಶ್ವವಿದ್ಯಾಲಯವು ಇಂಗ್ಲಿಷನ್ನು 2003ರಲ್ಲಿಯೂ ಮಲಯಾಳವನ್ನು 2008ರಲ್ಲಿಯೂ ಪ್ರಕಟಿಸಿತು. ಮುನ್ನೂರು ವರ್ಷಗಳ ಮೇಲೆ ಒಬ್ಬನು ಚಿತ್ರವನ್ನು ಹಿಡಿದುಕೊಂಡು ಹೊರಟರೆ ಗಿಡ ಸಿಕ್ಕುತ್ತದೆಂದಾದ ಮೇಲೆ ಆ ಎರಡು ಕೈಗಳ ನಡುವಣ ನಂಬಿಕೆ ಹುಸಿಯಾಗಲಿಲ್ಲವೆಂದೇ ತಿಳಿಯಬೇಕು.

ಸ್ವೀಡನ್ನಿನ ಲಿನ್ನೇಯಸ್ಸನು 1753ರಲ್ಲಿ ಜಗತ್ತಿನ ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರಿಟ್ಟಾಗ ಮಲಬಾರಿನ ಗಿಡಗಳಿಗೆ ಈ ಫಲಕಗಳನ್ನೇ ಆಧಾರವಾಗಿ ಎತ್ತಿ ಹೇಳಿದನು. ಹೆಸರೊಂದು ಯಾವ ಗಿಡಕ್ಕೆ ಸಲ್ಲುತ್ತದೆಂದು ನಿಶ್ಚಯಿಸಲು ಸಸ್ಯಶಾಸ್ತ್ರಜ್ಞರು ಒಂದು ಮಾದರಿಯನ್ನು ಗೊತ್ತುಪಡಿಸುವ ಪದ್ಧತಿಯಿದೆ. ಸಾಮಾನ್ಯವಾಗಿ ಅದು ಒಣಗಿಸಿ ಕಾಗದಕ್ಕೆ ಅಂಟಿಸಿದ ಟೊಂಗೆ. ತೆಂಗಿನ ಹೆಸರಿಗೆ 1979ರಲ್ಲಿ ಗೊತ್ತುಪಡಿಸಿದ ಮಾದರಿ ಟೊಂಗೆಯಲ್ಲ, ಮೊದಲ ಸಂಪುಟದ ಆ ನಾಲ್ಕು ಫಲಕಗಳು.

ಸಂಪುಟಗಳನ್ನು ಇಂದು ಗಣಕಯಂತ್ರದ ತೆರೆಯ ಮೇಲೆ ಹಣ ಕೊಡದೆ ನೋಡಬಹುದು. ಲ್ಯಾಟಿನ್ ಬಾರದೆಂಬ ಅಳುಕು ಬೇಡ. ತರಗತಿಯಲ್ಲಿ ತೋರಿಸಬಯಸುವ ಅಧ್ಯಾಪಕ ಮಿತ್ರರು ತಾಳೆಯ ಎರಡು ಫಲಕಗಳಿಂದ ತೊಡಗುವುದು ಒಳ್ಳೆಯದು; ಗಂಡುಮರ ಯಾವುದೆಂದು ಮಕ್ಕಳೇ ಹೇಳಿಯಾರು. ಶ್ರೀತಾಳೆಯ ಹನ್ನೆರಡನ್ನು ಒಂದೇ ದಿನ ಮುಗಿಸಲು ಹೋಗಬಾರದು.